ಎರಡನೆಯ ಡೈರೆಕ್ಟರು

ಧಾರವಾಡದ ಮನೆಯಲ್ಲೇ ಕುಳಿತು ಜರ್ಮನಿಯ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದ ನೀಲಾಂಬಿಕೆ, ಆ ಗಳಿಕೆಯ ತೆರಿಗೆಯ ಬಗ್ಗೆ ಕೇಳಲು ಅಪ್ಪನ ಜೀವದ ಗೆಳೆಯ, ಆಡಿಟರ್ ಬಸಲಿಂಗಪ್ಪನಲ್ಲಿಗೆ ಹೋದಳು.

"ಇಲ್ಲೇ ಒಂದ್ ಕಂಪನಿ ತಗಿಯವಾ. ಹೊರದೇಶದ ರೊಕ್ಕ ಅದಕ್ಕ ಬರ್ಲಿ. ನಿನಗ ಅರ್ಧ ಪಗಾರ, ಉಳಿದದ್ದು ಎರಡನೇ ಡೈರೆಕ್ಟರಿಗೆ. ತೆರಿಗಿ ಉಳೀತದ."

"ಎರಡನೇದವರು ಯಾರು ಕಾಕಾ?"

"ನಿಮ್ಮಪ್ಪ."

"ಅಪ್ಪ ಸತ್ತು ವರ್ಷಾತು. ನೀವ ಹೆಗಲು ಕೊಟ್ಟೀರಿ!"

"ಸರ್ಕಾರಕ್ಕ ಇನ್ನೂ ಯಾರೂ ತಿಳಿಸಿಲ್ಲಲ್ಲ."

"ಥೂ! ಸತ್ತವರನ್ನೂ ದುಡಿಸ್ತೀರೇನು?" ಎಂದು ಅವಳು ಎದ್ದೇಬಿಟ್ಟಳು.

ಬಸಲಿಂಗಪ್ಪ ಎಲೆಯಡಿಕೆ ಜಗಿಯುತ್ತ ಸಮಾಧಾನ ಹೇಳಿದ: "ಹೆದರಬ್ಯಾಡವಾ, ಹೋದ ವರ್ಷದಿಂದ ನನ್ನ ಕಂಪನಿಗೂ ಅವನೇ ಡೈರೆಕ್ಟರು."