ದಿನಕ್ಕೊಂದು ದಾರಿ

ಜಿಂಬುನ್ ಇವತ್ತೂ ಬೇರೆ ದಾರಿ ಹಿಡಿದ. ನಿನ್ನೆ ತೊರೆಯಂಚಿನಲ್ಲಿ ಹೋಗಿದ್ದ, ಮೊನ್ನೆ ಮೆಣಸಿನ ಬಳ್ಳಿಗಳ ಹಿಂದಿನಿಂದ. ಇವತ್ತು ಬಿದಿರ ಮೆಳೆಯನ್ನು ಕತ್ತಿಯಿಂದ ಸವರಿಕೊಂಡು ನುಗ್ಗಿದ. ನುಗ್ಗಿದವನು ತಿರುಗಿ ನಿಂತು, ಕಡಿದ ಕೊಂಬೆಗಳನ್ನು ದಾರಿಗೆ ಅಡ್ಡ ಎಳೆದ.

ಗದ್ದೆ ಗುಡಿಸಲಿನ ಮೆಟ್ಟಿಲಲ್ಲಿ ಕುಳಿತು ಸಲಾಂಗ್ ಎಲ್ಲವನ್ನೂ ನೋಡಿದ. ತಮ್ಮ ಮಾಡುತ್ತಿರುವುದೇನೆಂದು ಅವನಿಗೆ ಗೊತ್ತಾಗಿಹೋಗಿತ್ತು. ಅಣ್ಣನ ಯೋಚನೆಯನ್ನೇ ಕದಿಯುತ್ತಿದ್ದಾನೆ.

ತಪ್ಪು ತನ್ನದೇ. ಮರ ಕಡಿಯುವ ಶಿಬಿರಗಳಲ್ಲಿ ದುಡಿಯಲು ಹೋದವನು ಆರು ವರ್ಷದ ಮೇಲೆ ಮರಳಿ, ಗದ್ದೆಯಲ್ಲೇ ಸಿಕ್ಕ ತಮ್ಮನೆದುರು ಮನಸ್ಸು ಬಿಚ್ಚಿಬಿಟ್ಟಿದ್ದ.

"ಕುಚಿಂಗ್ ಪೇಟೆಯೋರಿಗೆ ಈಗ ಕಾಡಲ್ಲಿ ನಡೆಯೋ ಹುಚ್ಚು ಕಣೋ. ದೂರದ ಬೆಟ್ಟ ಯಾಕೆ? ಮನೆ ಸುತ್ತಮುತ್ತಲೇ ಹೊಸ ದಾರಿ ಹುಡುಕೋಣ. ನಾವು ನಡೆಸ್ಕೊಂಡು ಹೋಗೋದು, ಲೆಮಿ ಅಡುಗೆ ಮಾಡೋದು. ಇನ್ನು ಅವಳನ್ನ ಬಿಟ್ಟು ನಾನೆಲ್ಲೂ ಹೋಗಲ್ಲ."

ಜಿಂಬುನ್ ಅವನ ಹಣೆ ಮುಟ್ಟಿ ನೋಡಿದ್ದ. ಜ್ವರ ಸುಡುತ್ತಿತ್ತು.

"ಇಲ್ಲೇ ಇರು. ಮನೇಲಿ ಸೂತಕ. ಅದು ಕಳೆಯೋವರೆಗೂ ಹೊರಗಿಂದ ಬಂದೋರು ಒಳಗೆ ಕಾಲಿಡೋ ಹಾಗಿಲ್ಲ."

"ಯಾರು ಹೋಗಿದ್ದು?"

"ನಮ್ಮವರೇ. ಸುಧಾರಿಸ್ಕೋ, ಆಮೇಲೆ ಹೇಳ್ತೀನಿ."

ಅಂದಿನಿಂದ ದಿನವೂ ಊಟ ತಂದು ಮೆಟ್ಟಿಲ ಮೇಲಿಡುತ್ತಾನೆ. ಎಲೆಯಲ್ಲಿ ಕಟ್ಟಿದ ಅನ್ನ, ಬೇಯಿಸಿದ ಮೊಟ್ಟೆ, ಜೊತೆಗೆ ಎಲೆಯಡಿಕೆ. ಸಲಾಂಗ್ ಎಲೆಯಡಿಕೆ ಹಾಕುವವನೇ ಅಲ್ಲ. ಅದೂ ಮರೆತುಹೋಯಿತೇ ಇವನಿಗೆ? ಕೂರುವುದಿಲ್ಲ, ಜೊತೆಗೆ ಉಣ್ಣುವುದಿಲ್ಲ, ಮುಖ ಕೊಟ್ಟು ನೋಡುವುದಿಲ್ಲ. ಅಣ್ಣ ಎಂಬ ಮಾತಂತೂ ಬಾಯಿಂದ ಉದುರಿಲ್ಲ. ಕದಿಯುವವನಿಗೆ ಮುಖ ಎಲ್ಲಿಂದ ಬರಬೇಕು?

ಹೆಂಡತಿ ಲೆಮಿ ಯಾಕೆ ಬರಲಿಲ್ಲ ಎಂದು ಕೇಳಿದರೆ ಒಂದೇ ಉತ್ತರ. "ಅತ್ತೂ ಅತ್ತೂ ಈಗ ಸ್ವಲ್ಪ ಸುಮ್ಮನಾಗಿದ್ದಾಳೆ. ಮತ್ತೆ ಅಳಿಸಬೇಡ."

ಹೋದದ್ದು ಲೆಮಿಯ ತಾಯಿಯೇ ಇರಬೇಕು ಎಂದುಕೊಂಡಿದ್ದ ಸಲಾಂಗ್.

ಇವತ್ತು ತಡೆಯಲಾರದೆ ಚುಚ್ಚಿಯೂ ಚುಚ್ಚಿದ್ದ. "ಬಹಳ ದಾರಿ ಹುಡುಕ್ತಿದೀಯ. ಪೇಟೆಯೋರಿಗೆ ಹಿಡಿಸೋ ಹಾಗಿದೆಯೋ ಇಲ್ವೋ?"

"ಯಾರಿಗೂ ಹಿಡಿಸಬೇಕಾಗಿಲ್ಲ," ಎಂದಿದ್ದ ಜಿಂಬುನ್. "ಯಾರಿಗೂ ಗೊತ್ತಾಗದಿದ್ರೆ ಸಾಕು."

ಜ್ವರ ಬಿಟ್ಟಿತ್ತು. ಸಲಾಂಗ್ ಅಡ್ಡ ಬಿದ್ದ ಕೊಂಬೆಗಳನ್ನು ಸರಿಸಿ ಹಿಂದೆಯೇ ಹೊರಟ. ಹೊಟ್ಟೆ ಉರಿಯುತ್ತಿದ್ದರೂ ದಾರಿಯನ್ನು ಮೆಚ್ಚದಿರಲಾಗಲಿಲ್ಲ. ಒಂದು ಕಡೆ ಬಂಡೆಯ ಮೇಲಿಂದ ನೀರು ಜಾರುತ್ತಿತ್ತು. ಪೇಟೆಯವರನ್ನು ಇಲ್ಲಿ ಕೂರಿಸಬೇಕು, ಲೆಮಿ ಕಟ್ಟಿಕೊಟ್ಟ ಬುತ್ತಿಯನ್ನು ಇಲ್ಲಿಯೇ ಬಿಚ್ಚಬೇಕು. ಆಮೇಲೆ ಗುರುತು ತಪ್ಪಿತು. ಸುತ್ತಿದ್ದೇ ಸುತ್ತಿದ್ದು. ಮುಳ್ಳು ಹೊಕ್ಕು ಪಾದದಿಂದ ರಕ್ತ ಇಳಿಯಿತು. ಹೊತ್ತು ಬಾಗಿದಾಗ, ಊರಿಗೆ ಊರೇ ಒಂದು ಸೂರಿನಡಿ ಬಾಳುವ ಉದ್ದಮನೆ ಕಾಣಿಸಿತು.

ಜಾಗಟೆ ಮೊಳಗುತ್ತಿತ್ತು. ಸೂತಕದ ಮನೆಯಲ್ಲಿ ಜಾಗಟೆ?

ಜಗಲಿ ತುಂಬ ಜನ. ಅಕ್ಕಿ ಹೆಂಡದ ಬಟ್ಟಲು ಕೈಯಿಂದ ಕೈಗೆ ಹೋಗುತ್ತಿತ್ತು. ನಡುವೆ ಹೊಸ ಚಾಪೆ. ಅದರ ಮೇಲೆ ಮದುಮಗಳ ಹಾಗೆ ಹೊಸ ಬಟ್ಟೆಯುಟ್ಟ ಲೆಮಿ, ಅವಳ ಪಕ್ಕದಲ್ಲಿ ಜಿಂಬುನ್.

ಸಲಾಂಗ್‌ನನ್ನು ಕಂಡು ಜಾಗಟೆ ನಿಂತಿತು. ಲೆಮಿ ಅರ್ಧ ಎದ್ದಳು. "ಸಲಾಂ..."

ಮನೆಯ ಹಿರಿಯಳು, ಚಿಕ್ಕಮ್ಮ ಬುಂಗಾ, ಅವಳ ಬಾಯಿ ಮುಚ್ಚಿ ಕೂರಿಸಿದಳು. "ಹೆಸರು ಹಿಡೀಬೇಡ."

"ಚಿಕ್ಕಮ್ಮ, ನಾನು ಬಂದೆ," ಎಂದ ಸಲಾಂಗ್.

ಮುದುಕಿ ಅವನನ್ನು ಮಾತಾಡಿಸದೆ ಜಿಂಬುನ್‌ನ ಕಡೆಗೆ ತಿರುಗಿದಳು.

"ಶಿಬಿರದಿಂದ ಮೊಳೆ ಹೊಡೆದ ಹೆಣದ ಪೆಟ್ಟಿಗೆ ತಂದೋನು ನೀನು. ಮಣ್ಣು ಮಾಡಿದೋನು ನೀನು. ಅಣ್ಣನ ಪ್ರೇತ ಗದ್ದೆ ಗುಡಿಸಲಲ್ಲಿ ಬಂದು ಕೂತಿದೆ, ಎಡೆ ಇಟ್ಟು ಬರ್ತೀನಿ ಅಂದೋನೂ ನೀನೇ. ಅದು ಬೆನ್ನು ಹತ್ತಿ ಬರದ ಹಾಗೆ ದಿನಕ್ಕೊಂದು ದಾರಿ ಹಿಡಿಯಪ್ಪ, ಕೊಂಬೆ ಅಡ್ಡ ಹಾಕು ಅಂತ ನಾನು ಹೇಳಿಕೊಟ್ಟೆ. ಆದ್ರೂ ಬಂದಿದೆ ನೋಡು. ಆದ್ರೆ ಮಗಾ, ಇದರ ಕಾಲಲ್ಲಿ ರಕ್ತ ಇಳೀತಿದೆಯಲ್ಲೋ? ಹತ್ತಿರ ಹೋಗಿ ನೋಡಿದೋನು ನೀನೊಬ್ಬನೇ. ನಿಜ ಹೇಳು, ಇವನು ಬದುಕಿದಾನಾ?"

ಜಿಂಬುನ್ ಲೆಮಿಯನ್ನು ನೋಡಿದ. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಸಲ, ಅಣ್ಣನ ಮುಖವನ್ನು ನೇರವಾಗಿ ನೋಡಿದ.

"ಇಲ್ಲ ಚಿಕ್ಕಮ್ಮ."