ಖಾಲಿ ಫ್ಲಾಶ್

"ಒಂದೂ ಬಂದಿಲ್ಲ ಕಣಮ್ಮ," ಎಂದ ಅಂಕಯ್ಯ, ತೊಳೆದ ಫಿಲ್ಮಿನ ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು. "ಮೂವತ್ತಾರೂ ಮಸಿ. ರೀಲಿಗೆ ಬೆಳಕು ಬಿದ್ದದೆ."

ಗಗನ ಅನುಮಾನದಿಂದ ಅವನ ಮುಖ ನೋಡಿದಳು. ಭಾನುವಾರ ಬೆಳಿಗ್ಗೆ ಮಂಡ್ಯದ ಈ ಅಂಗಡಿಗೆ ಕ್ಯಾಮೆರಾ ತಂದುಕೊಟ್ಟಿದ್ದಳು. ರೀಲನ್ನು ಸುತ್ತಿ ತೆಗೆದವನು ಅಂಕಯ್ಯ, ಕತ್ತಲೆ ಕೋಣೆಯಲ್ಲಿ ತೊಳೆದವನೂ ಅಂಕಯ್ಯ. ಹದಿನೈದು ವರ್ಷದಿಂದ ಬರೀ ಜೆರಾಕ್ಸ್ ಮಾಡಿದ ಕೈ. ಆದರೆ ಬಾಯಿಬಿಟ್ಟು ಹೇಳುವುದು ಹೇಗೆ? ಒಂದು ಕಾಲದಲ್ಲಿ ಅವನು ತಾತ ಹೊನ್ನಯ್ಯನ ಬಲಗೈ ಆಗಿದ್ದವನು.

"ನನ್ ಮೇಲೆ ಅನುಮಾನವಾ?" ಎಂದು ಅವನೇ ನಕ್ಕ. ಕ್ಯಾಮೆರಾವನ್ನು ಕತ್ತಲೆ ಕೋಣೆಗೆ ಒಯ್ದು, ಒಳಗೆ ಟಾರ್ಚ್ ಬಿಟ್ಟು ನೋಡಿದ. ಎಲ್ಲೂ ಕಿಂಡಿಯಿಲ್ಲ. "ಕಲ್ಲಂಗದೆ. ಹಿಂದ್ಗಡೆ ಚಿಲಕಕ್ಕೆ ಒಸಿ ಅರಿಶಿನ ಮೆತ್ಕಂಡದೆ, ಅಷ್ಟೇಯ. ಮದ್ವೆ ಮನೆ ಕಂಡ ಕ್ಯಾಮೆರಾ ಅಲ್ವಾ?"

ಹೊನ್ನಯ್ಯ ಮದ್ದೂರಿನಲ್ಲಿ ನಲವತ್ತು ವರ್ಷ ಮದುವೆ ಫೋಟೋ ತೆಗೆದವನು. ಊರಿನ ಅರ್ಧ ಜನರ ಕೊರಳಿಗೆ ತಾಳಿ ಬಿದ್ದದ್ದು ಅವನ ಕಣ್ಣೆದುರಿಗೇ. ಅಂಥವನ ಮನೆಯಲ್ಲಿ ಹೆಂಡತಿ ಚಲುವಮ್ಮನದೊಂದೂ ಫೋಟೋ ಇರಲಿಲ್ಲ. ನಡುಮನೆಯ ಗೋಡೆಯಲ್ಲಿ ಹೊನ್ನಯ್ಯನ ಪಟ, ಅದರ ಪಕ್ಕದಲ್ಲೊಂದು ಖಾಲಿ ಮೊಳೆ. "ಇದು ನಿಂಗೆ" ಎಂದು ಮದುವೆಯಾದ ವರ್ಷ ಅವನೇ ಹೊಡೆದದ್ದು. ಅಂದಿನಿಂದ ಅದಕ್ಕೆ ಕ್ಯಾಲೆಂಡರ್ ನೇತಾಡುತ್ತಿತ್ತು.

ಮಂಡ್ಯದ ಕೃಷಿ ಕೇಂದ್ರ ವಿ.ಸಿ. ಫಾರಂನಲ್ಲಿ ಕೆಲಸ ಸಿಕ್ಕಿ ಗಗನ ಅಜ್ಜಿಯ ಮನೆ ಸೇರಿದ ವಾರವೇ ಚಲುವಮ್ಮ ತಾತನ ಕ್ಯಾಮೆರಾ ತಂದು ಅವಳ ಮಡಿಲಿಗಿಟ್ಟಿದ್ದಳು. "ನಾನು ಸತ್ತೋದ್ಮೇಲೆ ಆ ಆಧಾರ್ ಕಾರ್ಡಿಂದ ದೊಡ್ಡದು ಮಾಡ್ಸಿ ನೇತಾಕ್ತೀರ. ಅದ್ರಲ್ಲಿ ನಾನು ಕೋಳಿ ಕದ್ದೋಳಂಗಿವ್ನಿ. ಬದುಕಿರೋವಾಗ್ಲೇ ಒಂದು ಒಳ್ಳೇದು ತೆಗಿ ಮಗ. ಇದ್ರಲ್ಲೇ ತೆಗಿ."

ಗಗನಳಿಗೆ ಹುಚ್ಚು ಹಿಡಿದದ್ದು ಆಗಲೇ. ಫೋನಿನಲ್ಲಿ ದಿನಕ್ಕೆ ನೂರು ಫೋಟೋ ಹೊಡೆಯುತ್ತಿದ್ದವಳು ಈಗ ಒಂದೇ ಒಂದಕ್ಕೆ ಹತ್ತು ನಿಮಿಷ ಉಸಿರು ಬಿಗಿಹಿಡಿಯತೊಡಗಿದಳು. ಫಿಲ್ಮಿನ ಗುಣವೇ ಬೇರೆ ಎಂದು ಫಾರಂನವರಿಗೆಲ್ಲ ಉಪದೇಶ ಮಾಡಿದಳು, ತೆಗೆದ ಒಂದನ್ನೂ ಕಣ್ಣಲ್ಲಿ ಕಾಣುವ ಮೊದಲೇ.

ರೀಲು ಹಾಕಿಕೊಟ್ಟವನು ಅಂಕಯ್ಯ. "ತೊಳೆಯೋಗಂಟ ಇದು ಹಸಿ ಬಾಣಂತಿ. ಬೆಳಕು ಸೋಕಂಗಿಲ್ಲ," ಎಂದಿದ್ದ. ಹಿಂದಿನ ಮುಚ್ಚಳ ಹಾಕಿದಾಗ ಫೋಟೋ ಎಣಿಸುವ ಮುಳ್ಳು ಸೊನ್ನೆಗೆ ಬಂದು ನಿಂತಿತ್ತು. ಆದರೆ ಮುಳ್ಳಿಗೂ ವಯಸ್ಸಾಗಿತ್ತು, ಪಾಪ. ಇವತ್ತು ಒಂದು ತೋರಿಸಿದರೆ ನಾಳೆ ಬೆಳಿಗ್ಗೆ ಮತ್ತೆ ಸೊನ್ನೆ. ಮರೆವಿನ ಮುದುಕನ ಹತ್ತಿರ ಲೆಕ್ಕ ಕೇಳುವುದೇಕೆಂದು ಗಗನ ಪುಸ್ತಕದಲ್ಲಿ ಗೀಟು ಹಾಕಿಕೊಂಡಳು.

ದಿನಕ್ಕೊಂದು ಫೋಟೋ. ಬೆಳಗಿನ ಬಸ್ಸಿಗೆ ಮುಂಚೆ, ಜಗಲಿಯ ಮೇಲೆ. ಮೊದಲ ದಿನ ಚಲುವಮ್ಮ ಮುಖ ಗಂಟಿಕ್ಕಿ ಕೂತಿದ್ದಳು. "ಒಳಗೆ ರೀಲು ಐತಾ?" ಎಂದು ಎರಡು ಸಲ ಕೇಳಿದಳು. ಎರಡನೆಯ ದಿನ ಗಂಟು ಸಡಿಲವಾಯಿತು. ಮೂರನೆಯ ದಿನ ನಕ್ಕಳು. ಅಂಥ ನಗುವನ್ನು ಗಗನ ಆ ಮುಖದಲ್ಲಿ ಎಂದೂ ಕಂಡಿರಲಿಲ್ಲ. ಎಲ್ಲ ತನ್ನ ಕೈಗುಣ ಎಂದು ಒಳಗೊಳಗೇ ಬೀಗಿದಳು.

ಆ ನಗು ಈಗ ಮಸಿಯಾಗಿತ್ತು.

"ಅಜ್ಜಿಗೆ ಏನಂತ ಹೇಳ್ಲಿ ಮಾಮ?"

ಅಂಕಯ್ಯ ತಲೆ ಕೆರೆದುಕೊಂಡ. "ಬೆಳಕು ಬಿತ್ತು ಅಂತ ಮಾತ್ರ ಅನ್ಬ್ಯಾಡ. ನಿಮ್ ತಾತ ಅದನ್ನೇ ಏಳ್ತಿದ್ದದ್ದು."

ಹಾಗೆ ಗುಟ್ಟು ಹೊರಬಿತ್ತು. ಮದುವೆ ಮನೆಯಲ್ಲಿ ನಂಟರು ನಂದೂ ತೆಗಿ, ನಂದೂ ತೆಗಿ ಎಂದು ದುಂಬಾಲು ಬಿದ್ದಾಗ ಹೊನ್ನಯ್ಯ ಖಾಲಿ ಫ್ಲಾಶ್ ಹೊಡೆಯುತ್ತಿದ್ದ. ಬೆಳಕು ಮಿಂಚುತ್ತಿತ್ತು, ರೀಲು ಮಾತ್ರ ಓಡುತ್ತಿರಲಿಲ್ಲ. ಎಲ್ಲ ಫೋಟೋದವರೂ ಮಾಡುತ್ತಿದ್ದ ಕೆಲಸ. ಆದರೆ ಗಿರಾಕಿಯ ರೀಲಿನಲ್ಲಿ ಮನೆಯವರ ಫೋಟೋ ತೆಗೆಯಬಾರದೆಂಬ ಹಟದ ಪ್ರಾಮಾಣಿಕ ಅವನು. ಹಬ್ಬಕ್ಕೆ ರೇಷ್ಮೆ ಸೀರೆಯುಟ್ಟು ಬಂದು ನಿಲ್ಲುತ್ತಿದ್ದ ಹೆಂಡತಿಗೂ ಖಾಲಿ ಫ್ಲಾಶನ್ನೇ ಹೊಡೆದ. ಫೋಟೋ ಎಲ್ಲಿ ಎಂದು ಕೇಳಿದರೆ ಒಂದೇ ಉತ್ತರ, ರೀಲಿಗೆ ಬೆಳಕು ಬಿತ್ತು. ಅವಳು ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ, ನಂಬಿದಳು ಎಂದೇ ಅಂಕಯ್ಯ ತಿಳಿದಿದ್ದ.

ರೈಲಿನಲ್ಲಿ ಮದ್ದೂರು ಬರುವವರೆಗೂ ಗಗನ ಬೇರೆ ಸಬೂಬು ಹುಡುಕಿದಳು. ನಿಜ ಹೇಳೋಣವೆಂದರೆ ಅದು ತಾತನ ಸುಳ್ಳು. ಸುಳ್ಳು ಹೇಳೋಣವೆಂದರೆ ಅಜ್ಜಿಗೆ ಇನ್ನೊಂದು ಮೋಸ.

ಮದ್ದೂರಿನ ಮನೆಯಲ್ಲಿ ಕ್ಯಾಲೆಂಡರ್ ಕೆಳಗಿಳಿದಿತ್ತು. ಚಲುವಮ್ಮ ಸ್ಟೂಲಿನ ಮೇಲೆ ನಿಂತು, ಅಡುಗೆಯ ಅರಿಶಿನ ಅಂಟಿದ್ದ ಬೆರಳಿನಿಂದಲೇ ಸೆರಗು ಹಿಡಿದು ಮೊಳೆ ಒರೆಸುತ್ತಿದ್ದಳು.

"ಎಲ್ಲಿ, ತೋರ್ಸು."

ಗಗನ ಚಪ್ಪಲಿಯನ್ನೂ ಬಿಡದೆ ನಿಂತಳು. "ಅಜ್ಜಿ... ರೀಲಿಗೆ ಬೆಳಕು ಬಿತ್ತು."

ಚಲುವಮ್ಮ ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ನಿಧಾನವಾಗಿ ನಕ್ಕಳು, ಜಗಲಿಯ ಮೇಲೆ ನಗುತ್ತಿದ್ದ ಅದೇ ನಗು.

"ನಿಮ್ ತಾತನ ಮಾತು ನಂಗೇ ಏಳ್ಬ್ಯಾಡ ಕಣವ್ವ. ಒಂದು ಸಲ ಮೋಸ ಓದೋಳು ಇನ್ನೊಂದು ಸಲ ಓಯ್ತಾಳಾ? ನೀನು ಬಸ್ಸತ್ತಿದ ಮೇಲೆ ದಿನಾ ಅಂಗಳದ ಬಿಸ್ಲಿಗೆ ತಕ್ಕೊಂಡೋಗಿ, ಹಿಂದ್ಗಡೆ ಮುಚ್ಚಳ ತೆಗ್ದು ಚೆನ್ನಾಗಿ ನೋಡಿವ್ನಿ. ರೀಲು ಒಳಗೇ ಇತ್ತು."