ನಾಲ್ಕು ತಲೆ ಕಮ್ಮಿ

"ಒಳಗೆ ಯಾರಿದ್ದಾರೆ?" ಎಂದ ಚಕ್ರಪಾಣಿ.

ಚಿಕ್ಕಮಾದಮ್ಮ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. "ನಮ್ಮೋರೇ ಸಾ. ಉಣ್ಣಕ್ಕೆ ಕುಂತವ್ರೆ."

ಚಕ್ರಪಾಣಿ ಸರ್ಕಾರಿ ಗುಮಾಸ್ತ. ಮುಂದಿನ ಜನಗಣತಿಗೆ ಇನ್ನೂ ಐದು ವರ್ಷವಿತ್ತು; ಆದರೂ ೧೯೮೬ರಲ್ಲಿ ಮಂಡಲ ಪಂಚಾಯ್ತಿಗಳಿಗೆಂದು ಗಡಿಗಳನ್ನು ಹೊಸದಾಗಿ ಎಳೆಯುತ್ತಿದ್ದರು. ತಲಕಾಡಿನಾಚೆಯ ಈ ಪುಟ್ಟ ಊರಿನಲ್ಲಿ ಮುನ್ನೂರು ತಲೆ ಸಿಕ್ಕರೆ ಅದು ಈ ದಡದ ಮಂಡಲದಲ್ಲೇ ಉಳಿಯುತ್ತಿತ್ತು. ಇಲ್ಲವಾದರೆ ಆಚೆ ದಡಕ್ಕೆ. ಓಟಿಗೂ ರೇಷನ್ನಿಗೂ ತೆಪ್ಪ ಹತ್ತಬೇಕು. ಈ ಕೊನೆಯ ಮನೆಯ ಮುದುಕಿ, ಮೊಮ್ಮಗಳನ್ನು ಸೇರಿಸಿದರೂ ನಾಲ್ಕು ತಲೆ ಕಮ್ಮಿ ಬಿದ್ದಿತ್ತು.

ಅವನ ಲೆಕ್ಕ ಭಾರಿ ಬಿಗಿ. ಜನ ಹೇಳಿದ್ದನ್ನು ನಂಬುವ ಆಸಾಮಿಯಲ್ಲ. ಊಟದ ಹೊತ್ತಿಗೇ ಹೋಗಿ ಎಲೆ ಎಣಿಸುತ್ತಿದ್ದ. ಇಂಥ ಗಟ್ಟಿಗನಿಗೂ ಹೊಳೆ ಕಂಡರೆ ಭಯ. ತೆಪ್ಪದವನು ಕೂಗಿ ಕರೆದರೂ ಕೇಳದೆ ಈ ದಡದ ತಿರುವು ಹಿಡಿದೇ ಮೂರು ಮೈಲಿ ಸುತ್ತಿ ನಡೆದು ಬಂದಿದ್ದ.

ಬಾಗಿಲ ಸಂದಿಯಲ್ಲಿ ಇಣುಕಿದ. ನಾಲ್ಕು ಎಲೆ. ಅನ್ನ, ಕೋಳಿಸಾರು. ಒಂದರ ಪಕ್ಕ ಬೀಡಿ ಕಟ್ಟು, ಇನ್ನೊಂದರ ಪಕ್ಕ ಹೊಸ ಸೀರೆ. ಕೂತವರು ಒಬ್ಬರೂ ಇಲ್ಲ. ಪಿತೃಪಕ್ಷದಲ್ಲಿ ಸತ್ತವರಿಗೆ ಎಡೆ ಇಟ್ಟು ಬಾಗಿಲು ಮುಚ್ಚುತ್ತಾರೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಮುದುಕಿ ಸಿಕ್ಕಿಬಿದ್ದಳು.

"ಸುಳ್ಳೇಳಿದ್ದು ತಪ್ಪಾಯ್ತು ಸಾ," ಅವಳು ಕೈ ಮುಗಿದಳು. "ಜೈಲಿಗಾಕುದ್ರೂ ಓಯ್ತೀನಿ. ಉಳ್ದಿರೋದು ಒಬ್ಳೇ ಮೊಮ್ಮಗಳು. ಅವಳ್ನ ಮಾತ್ರ ಆ ಒಳೆ ದಾಟುಸ್ಬ್ಯಾಡಿ."

ಚಕ್ರಪಾಣಿ ಜಗುಲಿಯ ಮೇಲೆ ಕೂತ. ಪೆನ್ನು ತೆಗೆದು, ಬದುಕಿರುವವರ ಪಟ್ಟಿಯನ್ನೇ ಬಿಚ್ಚಿದ.

"ಹೆಸರು ಹೇಳಮ್ಮ."

ಅವಳಿಗೆ ನಂಬಿಕೆ ಬರಲಿಲ್ಲ. "ನನ್ ಯಜಮಾನ್ರು, ಪುಟ್ಟಬಸವಯ್ಯ."

ಬರೆದ.

"ಮೈದ, ಹುಚ್ಚಯ್ಯ. ಮಗ, ಮಹದೇವ..." ಅವಳು ಕೋಣೆಯ ಬಾಗಿಲತ್ತ ತಿರುಗಿದಳು.

ಅವನು ತಲೆ ಎತ್ತಲಿಲ್ಲ, ಕಾಯಲೂ ಇಲ್ಲ. "ಸೊಸೆ, ಚಾಮುಂಡಮ್ಮ," ಎಂದು ತಾನೇ ಗೊಣಗಿಕೊಂಡು ಬರೆದು, ಕೆಳಗೆ ಮುನ್ನೂರು ಎಂದು ಮೊತ್ತ ಹಾಕಿದ.

"ಅವಳೆಸ್ರು ನಿಮಗೆಂಗೆ ಗೊತ್ತು ಸಾ?"

ಎಂಟು ವರ್ಷದ ಹಿಂದೆ, ಓಟು ಹಾಕಲು ಹೊರಟ ಆ ನಾಲ್ವರೂ ತೆಪ್ಪ ಮಗುಚಿ ಮುಳುಗಿದ ಚುನಾವಣೆಯಲ್ಲಿ, ಈ ಊರನ್ನು ಆಚೆ ದಡದ ಮತಗಟ್ಟೆಗೆ ಸೇರಿಸಿದ್ದವನು ಚಕ್ರಪಾಣಿಯೇ.